ಮೊನೆ ಮೊದಲಿನಿಂದಲೂ ಹಾಗೇ ಬಿಡಿಸುತ್ತಿದ್ದನೇ?

ಪ್ರಶ್ನೆ: ನಿವೃತ್ತಿಯಾದ ಮೇಲೆ ಎಣ್ಣೆ ಬಣ್ಣದಲ್ಲಿ ಚಿತ್ರ ಬಿಡಿಸಲು ಕಲಿಯುತ್ತಿದ್ದೇನೆ. ಕ್ಲೋದ್ ಮೊನೆಯ ನೈದಿಲೆ ಕೊಳದ ಚಿತ್ರಗಳೆಂದರೆ ತುಂಬಾ ಇಷ್ಟ. ಆದರೆ ನಮ್ಮ ಜೊತೆ ಕಲಿಯುವವರೊಬ್ಬರು, "ಅವನಿಗೆ ಸರಿಯಾಗಿ ಡ್ರಾಯಿಂಗ್ ಬರುತ್ತಿರಲಿಲ್ಲ, ಅದಕ್ಕೇ ಸುಮ್ನೆ ಬಣ್ಣ ಮೆತ್ತುತ್ತಿದ್ದ" ಎನ್ನುತ್ತಾರೆ. ಇದು ನಿಜವೇ? ಮೊದಲಿನಿಂದಲೂ ಅವನು ಹಾಗೇ ಬಿಡಿಸುತ್ತಿದ್ದನೇ? ಇಲ್ಲವಾದರೆ ಆ ಶೈಲಿ ಯಾವಾಗ, ಹೇಗೆ ಬಂತು?

ಉತ್ತರ: ಡ್ರಾಯಿಂಗ್ ಬರುತ್ತಿರಲಿಲ್ಲ ಎನ್ನುವುದು ಪೂರ್ತಿ ತಪ್ಪು. ಹದಿನಾರು ಹದಿನೇಳರ ವಯಸ್ಸಿಗೇ ಡ್ರಾಯಿಂಗ್‌ನಿಂದ ಕಾಸು ಮಾಡುತ್ತಿದ್ದ ಹುಡುಗ ಅವನು. ಮೊದಲಿನಿಂದಲೂ ಹಾಗೇ ಬಿಡಿಸುತ್ತಿದ್ದನೇ ಎಂದರೆ ಅದೂ ಇಲ್ಲ. 1858ರಲ್ಲಿ ಅವನು ಮೊದಲ ಬಾರಿ ಬಯಲಲ್ಲಿ ಕೂತು ಎಣ್ಣೆ ಬಣ್ಣ ಹಿಡಿದ. ನಾವು ಇಂದು ಮೊನೆ ಎಂದು ಗುರುತಿಸುವ ಕೈ ಕಾಣಿಸಿಕೊಂಡದ್ದು 1869ರಲ್ಲಿ. ನಡುವಿನ ಆ ಹನ್ನೊಂದು ವರ್ಷಗಳ ಬಗ್ಗೆ ಜನ ಮಾತಾಡುವುದು ಕಡಿಮೆ. ನಿಮ್ಮಂತೆ ಬ್ರಷ್ ಹಿಡಿದವರಿಗೆ ನಿಜವಾಗಿ ಬೇಕಾದ್ದು ಆ ವರ್ಷಗಳೇ ಎಂದು ನನ್ನ ಅನಿಸಿಕೆ. ಅದಕ್ಕೇ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಮೊನೆ ಹುಟ್ಟಿದ್ದು ಪ್ಯಾರಿಸ್‌ನಲ್ಲಿ, 1840ರ ನವೆಂಬರ್ 14ರಂದು. ಬೆಳೆದದ್ದು ಮಾತ್ರ ಸೆನ್ ನದಿ ಸಮುದ್ರ ಸೇರುವ ಕಡೆ ಇರುವ ಲ ಆವ್ರ್ ಬಂದರಿನಲ್ಲಿ. ಅಪ್ಪ ನೆಂಟರ ಸಗಟು ದಿನಸಿ ವ್ಯಾಪಾರದಲ್ಲಿದ್ದರು. ಶಾಲೆಯಲ್ಲಿ ಡ್ರಾಯಿಂಗ್ ಮೇಷ್ಟ್ರು ಓಶಾರ್. ಇವರು ಹಳೆಯ ಶಾಸ್ತ್ರೀಯ ಚಿತ್ರಕಾರ ದಾವೀದ್‌ನ ಶಿಷ್ಯ. ಅಂದರೆ ಬುನಾದಿ ಗಟ್ಟಿಯೇ ಇತ್ತು. ಆದರೆ ಹುಡುಗನಿಗೆ ಖುಷಿ ಕೊಟ್ಟದ್ದು ವ್ಯಂಗ್ಯಚಿತ್ರ. ಊರಿನ ವಕೀಲರು, ದಲ್ಲಾಳಿಗಳು, ವ್ಯಾಪಾರಿಗಳ ತಲೆಯನ್ನು ದೊಡ್ಡದಾಗಿ, ಮೈಯನ್ನು ಪುಟ್ಟದಾಗಿ ಬಿಡಿಸುತ್ತಿದ್ದ. ಒಂದಕ್ಕೆ ಹತ್ತರಿಂದ ಇಪ್ಪತ್ತು ಫ್ರಾಂಕ್ ಸಿಗುತ್ತಿತ್ತು. ಶಿಕಾಗೋದ ಆರ್ಟ್ ಇನ್‌ಸ್ಟಿಟ್ಯೂಟ್‌ನಲ್ಲಿ ಅವುಗಳಲ್ಲಿ ಹಲವು ಇವೆ, 'ಓ. ಮೊನೆ' ಎಂಬ ಸಹಿಯೊಂದಿಗೆ. ಅವನ ಪೂರ್ತಿ ಹೆಸರು ಓಸ್ಕರ್ ಕ್ಲೋದ್ ಮೊನೆ. ನೋಡಿ, ಮೂಗಿನ ಒಂದು ಗೆರೆ, ಭುಜದ ಒಂದು ಬಾಗು, ಅಷ್ಟರಲ್ಲೇ ಮನುಷ್ಯ ಸಿಕ್ಕಿಬಿಡುತ್ತಾನೆ. ಮುಂದೆ ಎರಡು ಬಣ್ಣದ ಚುಕ್ಕೆಯಲ್ಲಿ ದಡದ ಮೇಲಿನ ಹೆಂಗಸನ್ನು ನಿಲ್ಲಿಸಿದ ಕೈ ಪಳಗಿದ್ದು ಇಲ್ಲೇ ಎಂದು ನಾನು ನಂಬುತ್ತೇನೆ.

ಈ ವ್ಯಂಗ್ಯಚಿತ್ರಗಳು ಫ್ರೇಮ್ ಹಾಕುವ ಒಂದು ಅಂಗಡಿಯ ಕಿಟಕಿಯಲ್ಲಿ ನೇತಾಡುತ್ತಿದ್ದವು. ಅದೇ ಕಿಟಕಿಯಲ್ಲಿ ಯೂಜೀನ್ ಬೂದಾಂ ಎಂಬವನ ಸಮುದ್ರದ ಚಿತ್ರಗಳೂ ಇರುತ್ತಿದ್ದವು. ಬೂದಾಂ ಪಕ್ಕದ ಓನ್‌ಫ್ಲರ್‌ನವನು, ಮೊನೆಗಿಂತ ಹದಿನಾರು ವರ್ಷ ದೊಡ್ಡವನು. ಅವನ ಚಿತ್ರ ಕಂಡರೆ ಹುಡುಗನಿಗೆ ಆಗುತ್ತಿರಲಿಲ್ಲ. ಭೇಟಿಯಾದಾಗ ಬೂದಾಂ ಮಾತ್ರ ಬೈಯಲಿಲ್ಲ. ಚೆನ್ನಾಗಿ ಬಿಡಿಸುತ್ತೀಯ, ಇಷ್ಟಕ್ಕೇ ನಿಲ್ಲಬೇಡ, ಬಾ, ಬಯಲಿಗೆ ಹೋಗೋಣ ಎಂದು ಕರೆದ. ಒಂದಷ್ಟು ಸಲ ತಪ್ಪಿಸಿಕೊಂಡ ಮೇಲೆ ಮೊನೆ ಹೊರಟ. ಬೂದಾಂ ಬಣ್ಣದ ಪೆಟ್ಟಿಗೆ ತೆರೆದು ಕೆಲಸ ಮಾಡುವುದನ್ನು ನೋಡಿದ. ಕಣ್ಣ ಮುಂದಿನ ಪರದೆ ಹರಿದಂತಾಯಿತು ಎಂದು ಮುಪ್ಪಿನಲ್ಲೂ ನೆನೆಯುತ್ತಿದ್ದ.

ಆದರೆ ಪರದೆ ಹರಿದ ಕೂಡಲೇ ಕೈ ಬದಲಾಗಲಿಲ್ಲ. ಆ ಸಮಯದ 'ರೂಯೆಲ್‌ನ ನೋಟ' (1858) ಎಂಬ ಚಿತ್ರ ಉಳಿದಿದೆ. ಪಾಪ್ಲರ್ ಮರಗಳು, ಸಣ್ಣ ತೊರೆ, ದಡದಲ್ಲಿ ಗಾಳ ಹಿಡಿದು ಕೂತ ಒಬ್ಬ ಮನುಷ್ಯ. ಎಲೆ ಎಲೆಯನ್ನೂ ಎಚ್ಚರಿಕೆಯಿಂದ ತೀಡಿದ, ನಯವಾದ, ಯಾರೂ ಮೆಚ್ಚುವ ಕೆಲಸ. ಸಹಿ ಮುಚ್ಚಿ ತೋರಿಸಿದರೆ ಮೊನೆ ಎಂದು ನಮಗೆ ಹೊಳೆಯುವುದೇ ಇಲ್ಲ. ಹದಿನೇಳು ವರ್ಷದ ಹುಡುಗನಿಗೆ ಇಷ್ಟು ಬರುತ್ತಿತ್ತು. ನಿಮ್ಮ ಜೊತೆಗಾರರಿಗೆ ಈ ಚಿತ್ರವನ್ನು ದಯವಿಟ್ಟು ತೋರಿಸಿ.

1859ರಲ್ಲಿ ಅವನು ಪ್ಯಾರಿಸ್‌ಗೆ ಹೋದ. ಊರಿನ ನಗರಸಭೆಗೆ ವಿದ್ಯಾರ್ಥಿವೇತನ ಕೇಳಿದ್ದ, ಅವರು ಕೊಡಲಿಲ್ಲ. ಜೇಬಿನಲ್ಲಿದ್ದದ್ದು ವ್ಯಂಗ್ಯಚಿತ್ರದ ದುಡ್ಡು ಮತ್ತು ಮನೆಯವರು ಕಳಿಸುತ್ತಿದ್ದ ಹಣ. ತಾಯಿ 1857ರಲ್ಲೇ ತೀರಿಕೊಂಡಿದ್ದರು. ಹುಡುಗನ ಬೆನ್ನಿಗೆ ನಿಂತವರು ಲೆಕಾದ್ರ್ ಮನೆತನದ ಸೋದರತ್ತೆ. ತಾವೂ ಹವ್ಯಾಸಕ್ಕೆ ಚಿತ್ರ ಬಿಡಿಸುತ್ತಿದ್ದವರು. ಈ ಅತ್ತೆ ಇಲ್ಲದಿದ್ದರೆ ಮೊನೆ ಇರುತ್ತಿರಲಿಲ್ಲ ಎಂದರೆ ಜಾಸ್ತಿ ಆಗಲಾರದು.

ಪ್ಯಾರಿಸ್‌ನಲ್ಲಿ ಹೆಸರಾಂತ ಗುರುವಿನ ಬಳಿ ಸೇರು ಎಂದು ಹಿರಿಯ ಚಿತ್ರಕಾರರು ಹೇಳಿದರು. ಅವನು ಕೇಳಲಿಲ್ಲ. ಅಕಾದೆಮಿ ಸ್ವಿಸ್ ಎಂಬ ಕಡೆ ಸೇರಿದ. ಅಲ್ಲಿ ಮಾಡೆಲ್ ಇರುತ್ತಿದ್ದರು, ಪಾಠ ಇರುತ್ತಿರಲಿಲ್ಲ. ದುಡ್ಡು ಕೊಟ್ಟು ಕೂತು ಬಿಡಿಸಿಕೊಂಡು ಹೋಗಬಹುದಿತ್ತು. ಚಿತ್ರಕಾರ ಕಮೀಲ್ ಪಿಸ್ಸಾರೊನ ಪರಿಚಯವಾದದ್ದು ಅಲ್ಲೇ. ಅಷ್ಟರಲ್ಲಿ ಸೈನ್ಯದ ಕರೆ ಬಂತು. 1861ರಲ್ಲಿ ಅಲ್ಜೀರಿಯಾಕ್ಕೆ ಹೋದ, ಅಲ್ಲಿ ಕಾಯಿಲೆ ಬಿದ್ದು 1862ರಲ್ಲಿ ಮನೆಗೆ ಮರಳಿದ. ಅತ್ತೆ ದುಡ್ಡು ಕಟ್ಟಿ ಸೈನ್ಯದಿಂದ ಬಿಡಿಸಿದರು. ಆಫ್ರಿಕಾದ ಬೆಳಕು ತನ್ನೊಳಗೆ ಬೀಜ ಬಿತ್ತಿತು ಎಂದು ಅವನೇ ಆಮೇಲೆ ಹೇಳಿಕೊಂಡಿದ್ದಾನೆ.

ಆ ಬೇಸಿಗೆಯಲ್ಲಿ ಊರ ಕಡೆ ಡಚ್ ಚಿತ್ರಕಾರ ಯೋಂಗ್‌ಕಿಂಡ್ ಸಿಕ್ಕಿದ. ಇವನ ಜಲವರ್ಣದಲ್ಲಿ ನೀರು, ಮೋಡ, ಹಡಗಿನ ಹಾಯಿ ಎಲ್ಲವೂ ಎರಡು ಮೂರು ಗೀಟಿನಲ್ಲಿ ಅಲುಗಾಡುತ್ತಿದ್ದವು. ಬೂದಾಂ ಕಣ್ಣು ತೆರೆಸಿದ, ಯೋಂಗ್‌ಕಿಂಡ್ ಅದನ್ನು ತಿದ್ದಿ ಪೂರ್ತಿ ಮಾಡಿದ. ಮೊನೆಯೇ ಇದನ್ನು ಒಪ್ಪಿಕೊಂಡಿದ್ದಾನೆ.

ಆದರೆ ಮನೆಯವರು ಒಂದು ಷರತ್ತು ಹಾಕಿದ್ದರು. ದುಡ್ಡು ಬೇಕಾದರೆ ಮರ್ಯಾದಸ್ಥ ಗುರುವಿನ ಹತ್ತಿರ ಕಲಿಯಬೇಕು. ಹಾಗೆ 1862ರ ಕೊನೆಗೆ ಸ್ವಿಸ್ ಮೂಲದ ಶಾರ್ಲ್ ಗ್ಲೇರ್‌ನ ಸ್ಟುಡಿಯೋ ಸೇರಿದ. ಮಾಡೆಲ್‌ನ ಪಾದ ದೊಡ್ಡದಿದ್ದರೆ ಮೊನೆ ದೊಡ್ಡದಾಗಿಯೇ ಬಿಡಿಸಿದನಂತೆ. ಇದು ವಿಕಾರ, ಆಕೃತಿ ಬಿಡಿಸುವಾಗ ಪ್ರಾಚೀನ ಶಿಲ್ಪಗಳನ್ನು ನೆನೆಯಬೇಕು ಎಂದು ಗ್ಲೇರ್ ಹೇಳಿದನಂತೆ. ಈ ಕತೆಯನ್ನು ಮೊನೆ 1900ರಲ್ಲಿ ಒಂದು ಪತ್ರಿಕೆಗೆ ಹೇಳಿ, ತಾನು ಅಲ್ಲಿ ಹೆಚ್ಚು ದಿನ ನಿಲ್ಲಲೇ ಇಲ್ಲ ಎಂಬಂತೆ ಮಾತಾಡಿದ. ಅದನ್ನು ಹಾಗೇ ನಂಬಬೇಡಿ. ಅವನು ಹೇಳಿಕೊಂಡದ್ದಕ್ಕಿಂತ ಸಾಕಷ್ಟು ಹೆಚ್ಚು ಕಾಲ ಅಲ್ಲಿ ಕಲಿತ. ಯಾರ ಬಳಿಯೂ ಕಲಿಯದ ಸ್ವಯಂಭೂ ಪ್ರತಿಭೆ ಎನಿಸಿಕೊಳ್ಳುವ ಆಸೆ ಮುದುಕ ಮೊನೆಗೆ ಇತ್ತು. ಗ್ಲೇರ್ ಒಳ್ಳೆಯ ಗುರು. ಬಡ ಹುಡುಗರಿಂದ ಶುಲ್ಕ ಕೇಳುತ್ತಿರಲಿಲ್ಲ, ಹೊರಗೆ ಹೋಗಿ ನಿಸರ್ಗ ನೋಡಿ ಬಿಡಿಸುವುದನ್ನು ತಡೆಯಲೂ ಇಲ್ಲ. ಎಲ್ಲಕ್ಕಿಂತ ದೊಡ್ಡ ವಿಷಯ, ಅದೇ ಕೋಣೆಯಲ್ಲಿ ಮೊನೆಗೆ ರೆನ್ವಾರ್, ಸಿಸ್ಲಿ, ಬಾಜೀಲ್ ಸಿಕ್ಕಿದರು. ಮುಂದಿನ ವರ್ಷಗಳಲ್ಲಿ ಊಟ, ಬಾಡಿಗೆ, ಬಣ್ಣ, ಜಗಳ ಎಲ್ಲವನ್ನೂ ಹಂಚಿಕೊಂಡ ಗೆಳೆಯರು ಇವರು.

1864ರಲ್ಲಿ ಗ್ಲೇರ್ ಸ್ಟುಡಿಯೋ ಮುಚ್ಚಿತು. ಮೊನೆ ಬಾಜೀಲ್ ಜೊತೆ ಓನ್‌ಫ್ಲರ್‌ಗೆ ಹೋಗಿ ಸಮುದ್ರ ದಡ ಬಿಡಿಸಿದ. ಇಲ್ಲಿ ಅವನ ಕೆಲಸದ ಕ್ರಮವನ್ನು ಗಮನಿಸಿ. ಹೊರಗೆ ಕೂತು ಸಣ್ಣ ಅಧ್ಯಯನ ಚಿತ್ರ ಮಾಡುತ್ತಿದ್ದ. ಆಮೇಲೆ ಸ್ಟುಡಿಯೋದಲ್ಲಿ ಅದನ್ನೇ ನೋಡಿಕೊಂಡು ದೊಡ್ಡ ಕ್ಯಾನ್ವಾಸ್‌ಗೆ ಏರಿಸುತ್ತಿದ್ದ. ಅದು ಆ ಕಾಲದ ಎಲ್ಲರ ಕ್ರಮವೇ. ಏಕೆಂದರೆ ದೊಡ್ಡ ಕ್ಯಾನ್ವಾಸ್ ಬೇಕಾಗಿದ್ದದ್ದು ಸಲಾನ್‌ಗೆ. ಸರ್ಕಾರದ ಬೆಂಬಲದ ಈ ದೊಡ್ಡ ಪ್ರದರ್ಶನದಲ್ಲಿ ಗೋಡೆ ತುಂಬಾ ಸಾವಿರಾರು ಚಿತ್ರಗಳು ಇರುತ್ತಿದ್ದವು. ಸಣ್ಣದು ಕಳೆದುಹೋಗುತ್ತಿತ್ತು. ಸಲಾನ್‌ನಲ್ಲಿ ಹೆಸರು ಬರದಿದ್ದರೆ ಗಿರಾಕಿಯೂ ಇಲ್ಲ.

1865ರ ಸಲಾನ್‌ಗೆ ಮೊನೆ ಎರಡು ಸಮುದ್ರ ಚಿತ್ರ ಕಳಿಸಿದ, ಎರಡೂ ಆಯ್ಕೆಯಾದವು. ವಿಮರ್ಶಕರು ಹೊಗಳಿದರು. ಚಿತ್ರಗಳನ್ನು ಕಲಾವಿದರ ಹೆಸರಿನ ಅಕ್ಷರ ಕ್ರಮದಲ್ಲಿ ತೂಗುಹಾಕುತ್ತಿದ್ದರು. ಹಾಗಾಗಿ ಇನ್ನೊಬ್ಬ ಚಿತ್ರಕಾರ ಎದ್ವಾರ್ ಮಾನೆಯ 'ಒಲಿಂಪಿಯಾ' ಅದೇ ಕೋಣೆಗೆ ಬಂತು. ಎರಡು ಹೆಸರೂ ಒಂದೇ ಥರ ಕೇಳಿಸುವುದರಿಂದ, ನಿಮ್ಮ ಸಮುದ್ರದ ಚಿತ್ರ ಚೆನ್ನಾಗಿದೆ ಎಂದು ಜನ ಮಾನೆಯನ್ನು ಅಭಿನಂದಿಸಿದರು, ಅವನಿಗೆ ವಿಪರೀತ ಸಿಟ್ಟು ಬಂತು. ಯಾರಪ್ಪ ಈ ಮೊನೆ ಎಂದು ಪ್ಯಾರಿಸ್ ಕೇಳಿದ್ದು ಆಗಲೇ.

ಇಪ್ಪತ್ತನಾಲ್ಕನೇ ವಯಸ್ಸಿನಲ್ಲಿ ಗೆಲುವು ಸಿಕ್ಕಿತು. ಅದೇ ದಾರಿಯಲ್ಲಿ ಹೋಗಿದ್ದರೆ ಒಬ್ಬ ಒಳ್ಳೆಯ ಸಮುದ್ರ ಚಿತ್ರಕಾರನಾಗಿ ಹಾಯಾಗಿ ಬದುಕುತ್ತಿದ್ದ. ಅವನು ಹಾಗೆ ಮಾಡಲಿಲ್ಲ. ಅಸಾಧ್ಯವಾದದ್ದನ್ನು ಕೈಗೆತ್ತಿಕೊಂಡ. ನನ್ನ ಪ್ರಕಾರ ಅವನ ನಿಜವಾದ ಕಲಿಕೆ ಶುರುವಾದದ್ದು ಇಲ್ಲಿಂದ.

ಫಾಂಟೆನ್‌ಬ್ಲೋ ಕಾಡಂಚಿನ ಶೈಯಿ ಎಂಬ ಹಳ್ಳಿಯಲ್ಲಿ ಅವನು 'ಹುಲ್ಲಿನ ಮೇಲೆ ಊಟ' ಎಂಬ ಚಿತ್ರ ಯೋಜಿಸಿದ. ಸುಮಾರು ನಾಲ್ಕು ಮೀಟರ್ ಎತ್ತರ, ಆರು ಮೀಟರ್ ಅಗಲ. ಆಳೆತ್ತರದ ಹನ್ನೆರಡು ಜನ ಕಾಡಿನಲ್ಲಿ ಬುತ್ತಿ ಬಿಚ್ಚಿ ಕೂತಿರಬೇಕು, ಎಲೆಗಳ ಸಂದಿನಿಂದ ಬಿಸಿಲು ತುಣುಕು ತುಣುಕಾಗಿ ಬಟ್ಟೆಗಳ ಮೇಲೆ ಬೀಳಬೇಕು. ಗಂಡಸರಿಗೆ ಬಾಜೀಲ್ ಮಾಡೆಲ್, ಹೆಂಗಸರಿಗೆ ಕಮೀಲ್ ದೊಂಸಿಯೊ. ಇವಳೇ ಮುಂದೆ ಅವನ ಹೆಂಡತಿ. ನಡುವೆ ಮೊನೆಯ ಕಾಲಿಗೆ ಪೆಟ್ಟಾಗಿ ಹಾಸಿಗೆ ಹಿಡಿದ. ವೈದ್ಯ ಓದಿದ್ದ ಬಾಜೀಲ್ ಅವನ ಆರೈಕೆ ಮಾಡಿ, ಆ ಸ್ಥಿತಿಯಲ್ಲೇ ಅವನ ಚಿತ್ರವನ್ನೂ ಬಿಡಿಸಿದ.

ಚಿತ್ರ ಮುಗಿಯಲೇ ಇಲ್ಲ. ಕಾರಣ ಸೋಮಾರಿತನವಲ್ಲ. ಕಾಡಿನಲ್ಲಿ ಮಾಡಿದ ಸಣ್ಣ ಚಿತ್ರಗಳಲ್ಲಿ ಬಿಸಿಲು ಜೀವಂತವಾಗಿತ್ತು. ಪ್ಯಾರಿಸ್‌ನ ಸ್ಟುಡಿಯೋದಲ್ಲಿ ಅದನ್ನು ಆರು ಮೀಟರ್‌ಗೆ ಹಿಗ್ಗಿಸಿದಾಗ ಬಿಸಿಲು ಬಿಳಿ ಬಣ್ಣದ ತೇಪೆಯಾಯಿತು. ಅಂಗೈಯಗಲದ ಚಿತ್ರದಲ್ಲಿ ಒಂದೇ ಒತ್ತಿನಲ್ಲಿ ಬಂದ ಬೆಳಕು ಮೊಳದುದ್ದ ಆದಾಗ ಒಂದೇ ಒತ್ತಿನಲ್ಲಿ ಬರುವುದಿಲ್ಲ. ಎಣ್ಣೆ ಬಣ್ಣ ಹಿಡಿದವರಿಗೆ ಈ ಕಷ್ಟ ಗೊತ್ತಿರುತ್ತದೆ. 1866ರ ಸಲಾನ್ ಹೊತ್ತಿಗೆ ಅವನು ಕೈಬಿಟ್ಟ. ಅದರ ಬದಲು ಹಸಿರು ರೇಷ್ಮೆ ಉಡುಪಿನ ಕಮೀಲ್‌ಳನ್ನು ಬೇಗ ಬೇಗ ಬಿಡಿಸಿ ಕಳಿಸಿದ. ಅದು ಆಯ್ಕೆಯಾಗಿ ಹೊಗಳಿಕೆಯನ್ನೂ ತಂದಿತು. ದೊಡ್ಡ ಕ್ಯಾನ್ವಾಸ್ ಮುಂದೆ ಬಾಡಿಗೆ ಬಾಕಿಗೆ ಅಡವಾಗಿ ಮನೆ ಮಾಲೀಕನ ಕೈಸೇರಿ, ತೇವಕ್ಕೆ ಹಾಳಾಯಿತು. 1884ರಲ್ಲಿ ಮೊನೆ ಬಿಡಿಸಿಕೊಂಡು, ಕೆಟ್ಟ ಭಾಗ ಕತ್ತರಿಸಿದ. ಉಳಿದ ಎರಡು ತುಂಡುಗಳು ಈಗ ಪ್ಯಾರಿಸ್‌ನ ಓರ್ಸೆ ಮ್ಯೂಸಿಯಂನಲ್ಲಿವೆ. ಇಡೀ ದೃಶ್ಯ ಹೇಗಿತ್ತು ಎಂದು ತಿಳಿಯಲು ಮಾಸ್ಕೋದ ಪುಷ್ಕಿನ್ ಮ್ಯೂಸಿಯಂನಲ್ಲಿರುವ ಸಣ್ಣ ಆವೃತ್ತಿ ನೋಡಬೇಕು.

ಸೋತದ್ದಕ್ಕೆ ಅವನು ಹುಡುಕಿದ ಉಪಾಯ ಇನ್ನೂ ಕಷ್ಟದ್ದು. ದೊಡ್ಡ ಚಿತ್ರವನ್ನೇ ಹೊರಗೆ ಬಿಡಿಸುತ್ತೇನೆ ಎಂದು ಹೊರಟ. 'ತೋಟದಲ್ಲಿ ಹೆಂಗಸರು' ಎಂಬ ಚಿತ್ರ ಎರಡೂವರೆ ಮೀಟರ್ ಎತ್ತರ. ಮೇಲಿನ ಭಾಗ ಕೈಗೆ ಸಿಗಲೆಂದು ತೋಟದಲ್ಲಿ ಗುಂಡಿ ತೋಡಿಸಿ, ರಾಟೆ ಕಟ್ಟಿ, ಕ್ಯಾನ್ವಾಸನ್ನು ಅದರೊಳಗೆ ಇಳಿಸುತ್ತಿದ್ದ. ಒಮ್ಮೆ ಹಿರಿಯ ಚಿತ್ರಕಾರ ಕೂರ್ಬೆ ಬಂದಾಗ ಮೊನೆ ಸುಮ್ಮನೆ ಕೂತಿದ್ದನಂತೆ. ಬಿಸಿಲು ಬರಲಿ ಎಂದು ಕಾಯುತ್ತಿದ್ದೇನೆ ಎಂದನಂತೆ. ಹಿಂದಿನ ಎಲೆಗಳನ್ನಾದರೂ ಬಿಡಿಸಬಹುದಲ್ಲ ಎಂದರೆ ಅದಕ್ಕೂ ಒಪ್ಪಲಿಲ್ಲ. ಬೆಳಕು ಬದಲಾದರೆ ಎಲೆಯ ಹಸಿರೂ ಬದಲಾಗುತ್ತದೆ ಎಂಬುದು ಅವನಿಗೆ ಆಗಲೇ ಪಟ್ಟಾಗಿ ಕೂತಿತ್ತು.

ಈ ಚಿತ್ರದ ಮುಂಭಾಗದಲ್ಲಿ ನೆಲದ ಮೇಲೆ ಕೂತ ಹೆಂಗಸಿನ ಬಿಳಿ ಲಂಗ ನೋಡಿ. ಮರದ ನೆರಳು ಅದರ ಮೇಲೆ ಹಾದು ದಾರಿಗೆ ಇಳಿದಿದೆ. ಆ ನೆರಳು ಕಂದಲ್ಲ, ಕಪ್ಪಲ್ಲ, ನೀಲಿ ಛಾಯೆಯದು. ಅವಳ ಮುಖಕ್ಕೆ ಬೆಳಕು ಬಿದ್ದಿರುವುದು ಮೇಲಿನಿಂದಲ್ಲ, ಲಂಗದಿಂದ ಪುಟಿದು ಕೆಳಗಿನಿಂದ. ಸ್ಟುಡಿಯೋದಲ್ಲಿ ಕೂತವನಿಗೆ ಇದು ಹೊಳೆಯುವುದಿಲ್ಲ. ಆದರೆ ಹೆಂಗಸರು ಮಾತ್ರ ಕತ್ತರಿಸಿ ಅಂಟಿಸಿದ ಹಾಗೆ ಬಿಗಿಯಾಗಿ ನಿಂತಿದ್ದಾರೆ. ಬೆಳಕು ಹೊಸದು, ಚಿತ್ರದ ಕಟ್ಟಡ ಹಳೆಯದು. 1867ರ ಸಲಾನ್ ಇದನ್ನು ತಿರಸ್ಕರಿಸಿತು. ಬಾಜೀಲ್ 2,500 ಫ್ರಾಂಕ್‌ಗೆ ಕೊಂಡು, ತಿಂಗಳಿಗೆ ಐವತ್ತರಂತೆ ಕಂತಿನಲ್ಲಿ ಕೊಟ್ಟ. ಗೆಳೆಯ ಮುಳುಗಬಾರದು ಎಂದು ಮಾಡಿದ್ದು ಅದು.

ಮುಂದಿನ ಎರಡು ವರ್ಷ ಕಷ್ಟವೋ ಕಷ್ಟ. ಮದುವೆಗೆ ಮೊದಲೇ ಕಮೀಲ್ ಬಸುರಿ. ಮನೆಯವರು ಸಂಬಂಧ ಒಪ್ಪಲಿಲ್ಲ. 1867ರ ಆಗಸ್ಟ್‌ನಲ್ಲಿ ಪ್ಯಾರಿಸ್‌ನಲ್ಲಿ ಮಗ ಜಾನ್ ಹುಟ್ಟಿದ. ಮೊನೆ ಆ ಬೇಸಿಗೆಯನ್ನು ಕಳೆದದ್ದು ಮಾತ್ರ ಅತ್ತೆಯ ಊರು ಸಾಂತ್ ಅದ್ರೆಸ್‌ನಲ್ಲಿ. 'ಸಾಂತ್ ಅದ್ರೆಸ್‌ನ ಮೇಲ್ಜಗಲಿ' ಅಲ್ಲಿಯದೇ. ಜಪಾನಿ ಮುದ್ರಣ ಚಿತ್ರಗಳ ಪ್ರಭಾವ ಅದರಲ್ಲಿ ಚೆನ್ನಾಗಿ ಕಾಣುತ್ತದೆ. ತೋಟ, ಸಮುದ್ರ, ಆಕಾಶ ಮೂರು ಅಡ್ಡ ಪಟ್ಟಿಗಳಾಗಿವೆ. ಎರಡು ಬಾವುಟ ಕಂಬಗಳು ಅವನ್ನು ನೇರ ಸೀಳುತ್ತವೆ. ಮರುವರ್ಷದ ಚಳಿಗಾಲದಲ್ಲಿ ಎತ್ರೆತಾ ಎಂಬ ಕಡಲ ತೀರದ ಊರಿನ ಹತ್ತಿರ 'ಮ್ಯಾಗ್‌ಪೈ ಹಕ್ಕಿ' ಬಿಡಿಸಿದ. ಹಿಮ ಮುಚ್ಚಿದ ಬೇಲಿ, ಅದರ ಮರದ ಗೇಟಿನ ಮೇಲೆ ಒಂಟಿ ಹಕ್ಕಿ, ಮುಂದೆ ಹಿಮದ ಮೇಲೆ ನೀಲಿ ನೆರಳುಗಳು. ಲಂಗದ ಮೇಲೆ ಅಳುಕುತ್ತಾ ಬಂದ ನೀಲಿ ಇಲ್ಲಿ ಧೈರ್ಯವಾಗಿ ಹರಡಿಕೊಂಡಿದೆ. ಇಂದು ಓರ್ಸೆಯಲ್ಲಿ ಜನ ಈ ಚಿತ್ರದ ಮುಂದೆ ಮುಗಿಬೀಳುತ್ತಾರೆ. 1869ರ ಸಲಾನ್ ಇದನ್ನೂ ತಿರಸ್ಕರಿಸಿತು.

ಈಗ ನಿಮ್ಮ ಪ್ರಶ್ನೆಯ ತಿರುಳಿಗೆ ಬರೋಣ. ಶೈಲಿ ಬಂದ ಜಾಗ ಪ್ಯಾರಿಸ್ ಪಕ್ಕದಲ್ಲಿ, ಸೆನ್ ನದಿಯ ಮೇಲಿದ್ದ ಲಾ ಗ್ರೆನುಯೇರ್. ತೇಲುವ ಹೋಟೆಲು, ದೋಣಿ ಬಾಡಿಗೆ, ಈಜು, ಭಾನುವಾರ ರೈಲು ಹತ್ತಿ ಬರುವ ಜನ. 1869ರ ಬೇಸಿಗೆಯಲ್ಲಿ ಮೊನೆ ಸಂಸಾರ ಸಮೇತ ಹತ್ತಿರದ ಹಳ್ಳಿಯಲ್ಲಿದ್ದ. ಮನೆಯಲ್ಲಿ ಬ್ರೆಡ್ಡಿಲ್ಲ, ಒಲೆಗೆ ಬೆಂಕಿಯಿಲ್ಲ, ದೀಪವಿಲ್ಲ ಎಂದು ಬಾಜೀಲ್‌ಗೆ ಕಾಗದ ಬರೆದ. ರೆನ್ವಾರ್ ತನ್ನ ಅಪ್ಪ ಅಮ್ಮನ ಮನೆಯಿಂದ ಬ್ರೆಡ್ ತಂದು ಕೊಡುತ್ತಿದ್ದ. ಇಬ್ಬರೂ ಪಕ್ಕಪಕ್ಕ ಕೂತು ಅದೇ ನೋಟ ಬಿಡಿಸಿದರು.

ನ್ಯೂಯಾರ್ಕ್‌ನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿರುವ ಚಿತ್ರವನ್ನು ಹತ್ತಿರದಿಂದ ನೋಡಿ. ಕ್ಯಾನ್ವಾಸ್ ಒಂದು ಮೀಟರ್ ಅಗಲವೂ ಇಲ್ಲ. ನಡುವೆ ಒಂದೇ ಮರವಿರುವ ದುಂಡು ದ್ವೀಪ, ಅದಕ್ಕೆ ಹಲಗೆಯ ದಾರಿ, ಮುಂದೆ ಕಟ್ಟಿದ ದೋಣಿಗಳು. ಮುಂಭಾಗದ ನೀರಿನಲ್ಲಿ ಅಲೆಯ ಗೆರೆ ಒಂದೂ ಇಲ್ಲ. ಅಗಲವಾದ ಚಪ್ಪಟೆ ಬ್ರಷ್‌ನಿಂದ ಅಡ್ಡಡ್ಡ ಎಳೆದ ಗಟ್ಟಿ ಒತ್ತುಗಳಿವೆ. ಕಡು ಹಸಿರು, ಅದರ ಪಕ್ಕ ತಿಳಿ ನೀಲಿ, ಪಕ್ಕ ಮಣ್ಣಿನ ಹಳದಿ, ಪಕ್ಕ ಬಿಳಿ. ಒಂದನ್ನೊಂದು ತೀಡಿ ಬೆರೆಸಿಲ್ಲ. ನಾಲ್ಕು ಹೆಜ್ಜೆ ಹಿಂದೆ ಸರಿದರೆ ನೀರು ಅಲುಗುತ್ತದೆ. ದೂರ ಹೋದಂತೆ ಒತ್ತುಗಳು ಸಣ್ಣದಾಗುತ್ತವೆ, ಅದರಿಂದಲೇ ನದಿಯ ಆಳ ಬರುತ್ತದೆ. ದ್ವೀಪದ ಮೇಲಿನ ಜನರಿಗೆ ಮೂಗು ಬಾಯಿ ಇಲ್ಲ. ಆದರೂ ಯಾರು ಬಾಗಿದ್ದಾರೆ, ಯಾರು ಮಾತಾಡುತ್ತಿದ್ದಾರೆ ಎಂದು ಗೊತ್ತಾಗುತ್ತದೆ, ಅಲ್ವಾ? ವ್ಯಂಗ್ಯಚಿತ್ರದ ಹುಡುಗ ಇಲ್ಲಿ ಕೆಲಸಕ್ಕೆ ಬಂದ.

ಅದೇ ಜಾಗದ ರೆನ್ವಾರ್‌ನ ಚಿತ್ರ ಸ್ಟಾಕ್‌ಹೋಮ್‌ನಲ್ಲಿದೆ. ರೆನ್ವಾರ್‌ಗೆ ಜನರ ಬಟ್ಟೆ, ಹೆಂಗಸರ ನಿಲುವು ಮುಖ್ಯ, ಕೈ ಮೃದು. ಮೊನೆಗೆ ನೀರು ಮುಖ್ಯ, ಕೈ ಒರಟು. ಎರಡನ್ನೂ ಒಟ್ಟಿಗೆ ಇಟ್ಟುಕೊಂಡು ನೋಡಿದಷ್ಟು ಚೆನ್ನಾಗಿ ಇಂಪ್ರೆಷನಿಸಂ, ಅಂದರೆ ಮೊನೆ ಮತ್ತು ಗೆಳೆಯರ ಈ ಚಿತ್ರಶೈಲಿ, ಬೇರೆ ಯಾವುದರಿಂದಲೂ ಅರ್ಥವಾಗದು.

ತಮಾಷೆಯೆಂದರೆ ಮೊನೆಗೇ ಇದು ಮುಗಿದ ಕೆಲಸ ಅನಿಸಿರಲಿಲ್ಲ. ಆ ಸೆಪ್ಟೆಂಬರ್‌ನಲ್ಲಿ ಬಾಜೀಲ್‌ಗೆ ಬರೆದ ಕಾಗದದಲ್ಲಿ, ಲಾ ಗ್ರೆನುಯೇರ್‌ನ ದೊಡ್ಡ ಚಿತ್ರ ಮಾಡುವ ಕನಸಿದೆ, ಅದಕ್ಕಾಗಿ ಕೆಲವು ಕೆಟ್ಟ ಸ್ಕೆಚ್ ಮಾಡಿದ್ದೇನೆ ಎಂದಿದ್ದಾನೆ. ಕೆಟ್ಟ ಸ್ಕೆಚ್ ಎಂದು ಅವನು ಕರೆದದ್ದು ನಾವು ಇಂದು ಮೇರು ಕೃತಿ ಎನ್ನುವಂಥ ಚಿತ್ರಗಳನ್ನು. ಸಣ್ಣ ಸ್ಕೆಚ್‌ನಲ್ಲಿ ಹಿಡಿದ ಬಿಸಿಲನ್ನು ದೊಡ್ಡ ಚಿತ್ರಕ್ಕೆ ಸಾಗಿಸುವುದು ಹೇಗೆ ಎಂದು ಐದು ವರ್ಷ ತಲೆ ಕೆಡಿಸಿಕೊಂಡಿದ್ದ. ಕೊನೆಗೆ ಸಾಗಿಸುವುದನ್ನೇ ಬಿಟ್ಟ. ಮೊದಲ ಸ್ಕೆಚ್ ಅನ್ನೇ ಚಿತ್ರವೆಂದು ನಿಲ್ಲಿಸಿದ. ಅದಕ್ಕೆ ಕ್ಯಾನ್ವಾಸ್ ಕಂಕುಳಲ್ಲಿ ಹೊರುವಷ್ಟು ಚಿಕ್ಕದಾಗಬೇಕಿತ್ತು, ಆಯಿತು. ತಗಡಿನ ಟ್ಯೂಬಿನ ಬಣ್ಣ, ಚಪ್ಪಟೆ ಬ್ರಷ್, ಕೋಬಾಲ್ಟ್ ನೀಲಿ, ಕ್ರೋಮ್ ಹಳದಿಯಂಥ ಹೊಸ ಬಣ್ಣಗಳು ನೆರವಾದವು, ನಿಜ. ಆದರೆ ಟ್ಯೂಬ್ ಬಂದದ್ದು 1841ರಲ್ಲಿ. ಟ್ಯೂಬ್‌ನಿಂದಲೇ ಇಂಪ್ರೆಷನಿಸಂ ಬಂತು ಎನ್ನುವವರ ಮಾತನ್ನು ಪೂರ್ತಿ ಒಪ್ಪಬೇಡಿ.

1870ರ ಸಲಾನ್ ಮತ್ತೆ ಅವನನ್ನು ಹೊರಗಿಟ್ಟಿತು. ತೀರ್ಪುಗಾರರಲ್ಲಿ ಒಬ್ಬನಾಗಿದ್ದ ಚಿತ್ರಕಾರ ದೊಬಿನ್ಯಿ ಅದಕ್ಕೆ ಸಿಟ್ಟಾಗಿ ರಾಜೀನಾಮೆ ಕೊಟ್ಟ. ಜೂನ್‌ನಲ್ಲಿ ಮೊನೆ ಕಮೀಲ್‌ಳನ್ನು ಮದುವೆಯಾಗಿ ತ್ರೂವಿಲ್ ಕಡಲ ತೀರಕ್ಕೆ ಹೋದ. ಅಲ್ಲಿ ಬಿಡಿಸಿದ ಒಂದು ಚಿತ್ರದ ಬಣ್ಣದಲ್ಲಿ ಮರಳಿನ ಕಣಗಳು ಅಂಟಿಕೊಂಡಿವೆ. ಗಾಳಿಯಲ್ಲಿ, ತೀರದಲ್ಲೇ ಕೂತು ಮುಗಿಸಿದ್ದಕ್ಕೆ ಅದಕ್ಕಿಂತ ಸಾಕ್ಷಿ ಬೇಕಿಲ್ಲ. ಜುಲೈನಲ್ಲಿ ಪ್ರಶ್ಯಾ ಎಂಬ ಜರ್ಮನ್ ರಾಜ್ಯದ ಜೊತೆ ಫ್ರಾನ್ಸಿನ ಯುದ್ಧ ಶುರುವಾಯಿತು. ಮೊನೆ ಲಂಡನ್‌ಗೆ ಹೋದ. ಅಲ್ಲಿ ಇಂಗ್ಲಿಷ್ ಚಿತ್ರಕಾರರಾದ ಟರ್ನರ್, ಕಾನ್‌ಸ್ಟೇಬಲ್ ಅವರ ಚಿತ್ರಗಳನ್ನು ನೋಡಿದ, ಪಿಸ್ಸಾರೊ ಮತ್ತೆ ಸಿಕ್ಕಿದ. ದೊಬಿನ್ಯಿಯ ಮೂಲಕ ಚಿತ್ರ ವ್ಯಾಪಾರಿ ದ್ಯುರಾನ್ ರ್ಯುಯೆಲ್‌ನ ಪರಿಚಯವಾಯಿತು. ಸೈನ್ಯ ಸೇರಿದ ಬಾಜೀಲ್ ಆ ನವೆಂಬರ್ 28ರಂದು ಯುದ್ಧದಲ್ಲಿ ಸತ್ತ. ಇನ್ನೂ ಇಪ್ಪತ್ತೆಂಟು. ಅವನ ಕಂತುಗಳು, ಅವನ ಸ್ಟುಡಿಯೋ, ಅವನ ತಾಳ್ಮೆ ಇವೆಲ್ಲ ಇಲ್ಲದೆ ಮೊನೆ ಈ ಹಾದಿ ದಾಟುತ್ತಿರಲಿಲ್ಲ. ಈ ಋಣವನ್ನು ಬರೆಯುವವರು ಕಡಿಮೆ.

ಎಲ್ಲರೂ ಹೆಸರಿಸುವ 'ಇಂಪ್ರೆಷನ್, ಸೂರ್ಯೋದಯ' ಬಂದದ್ದು ಇದಾದ ಮೇಲೆ. ಅದರ ಮೇಲೆ 72 ಎಂಬ ಇಸವಿಯಿದೆ, ಅದು ಲ ಆವ್ರ್ ಬಂದರಿನ ನೋಟ. 1874ರ ಏಪ್ರಿಲ್ 15ರಂದು ಶುರುವಾದ ಗೆಳೆಯರ ಪ್ರದರ್ಶನದಲ್ಲಿ ಅದು ಇತ್ತು. ಇಂಪ್ರೆಷನಿಸಂ ಎಂಬ ಚಳವಳಿಗೆ ಹೆಸರು ಸಿಕ್ಕಿದ್ದು ಅದರಿಂದ. ಕೈ ಮಾತ್ರ ಅದಕ್ಕೂ ಐದು ವರ್ಷ ಮುಂಚೆ ಸಿದ್ಧವಾಗಿತ್ತು.

ನಿಮ್ಮ ಅಭ್ಯಾಸಕ್ಕೆ ಒಂದು ಸಲಹೆ. ನೈದಿಲೆ ಕೊಳದಿಂದ ಶುರು ಮಾಡಬೇಡಿ, ಅದು ಅವನ ಕೊನೆಯ ದಶಕಗಳ ಕೆಲಸ. ಲಂಡನ್‌ನ ನ್ಯಾಷನಲ್ ಗ್ಯಾಲರಿಯ ಜಾಲತಾಣ ತೆರೆದು ಎರಡು ಚಿತ್ರಗಳನ್ನು ಪಕ್ಕಪಕ್ಕ ಇಟ್ಟುಕೊಳ್ಳಿ. ಒಂದು 1864ರ 'ಲಾ ಎವ್ ತುದಿ'. 1865ರ ಸಲಾನ್ ಚಿತ್ರವೊಂದಕ್ಕೆ ಆಧಾರವಾದ ಸಣ್ಣ ಅಧ್ಯಯನ ಅದು. ಇನ್ನೊಂದು 1869ರ 'ಲಾ ಗ್ರೆನುಯೇರ್‌ನಲ್ಲಿ ಸ್ನಾನ ಮಾಡುವವರು'. ಎರಡರಲ್ಲೂ ನೀರಿನ ಭಾಗವನ್ನಷ್ಟೇ ದೊಡ್ಡದು ಮಾಡಿ ನೋಡಿ. ಆಮೇಲೆ ಒಂದು ಸಣ್ಣ ಕ್ಯಾನ್ವಾಸ್ ಮೇಲೆ, ಅರ್ಧ ಇಂಚಿಗಿಂತ ಸಣ್ಣ ಬ್ರಷ್ ಮುಟ್ಟದೆ, ಎರಡನೆಯದರ ನೀರನ್ನು ನಕಲು ಮಾಡಿ. ಬಣ್ಣ ಬೆರೆಸುವುದನ್ನು ಪ್ಯಾಲೆಟ್ ಮೇಲೆಯೇ ಮುಗಿಸಿ, ಕ್ಯಾನ್ವಾಸ್ ಮೇಲೆ ಇಟ್ಟ ಒತ್ತನ್ನು ಮತ್ತೆ ತೀಡಬೇಡಿ.